ಹನ್ನೊಂದನೆಯ ನೋಟ್‌ಬುಕ್ಕಿನ ಸುತ್ತು

ಸೆಪ್ಟೆಂಬರ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಯ ವಿಮಾನಕ್ಕೆ ನಾನು ಪರ್ತ್‌ನಿಂದ ಬ್ರಿಸ್ಬೇನ್‌ಗೆ ಹೊರಟೆ. ಒಬ್ಬಳೇ ವಿಮಾನ ಹತ್ತಿದ್ದು ಇದು ಎರಡನೆಯ ಸಲ. ಮೊದಲನೆಯ ಸಲ, ಹನ್ನೆರಡು ವರ್ಷಗಳ ಹಿಂದೆ ಮೈಸೂರಿನಿಂದ ಇಲ್ಲಿಗೆ ಬಂದಾಗ, ಹೊರಬಾಗಿಲಿನಲ್ಲಿ ನಾಗೇಶ್ ಕಾಯುತ್ತಿದ್ದರು. ಈ ಸಲ ಅವರ ನೋಟ್‌ಬುಕ್ ನನ್ನ ಕೈಚೀಲದಲ್ಲಿತ್ತು. ಇನ್ನೂರು ಪುಟದ, ಗೆರೆ ಹಾಕಿದ, ನೀಲಿ ರಟ್ಟಿನ ಪುಸ್ತಕ. ಮಳೆ ಬಂದರೆ ಇರಲಿ ಎಂದು ಎರಡು ಪ್ಲಾಸ್ಟಿಕ್ ಕವರ್ ಸುತ್ತಿದ್ದೆ.

ನಾಗೇಶ್ ನನ್ನ ಗಂಡ. ಫ್ರೀಮ್ಯಾಂಟಲ್ ಬಂದರಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಜುಲೈ ಮೊದಲ ವಾರ, ಕೆಲಸಕ್ಕೆಂದು ಹೊರಟವರು ಕ್ಯಾನಿಂಗ್ಟನ್ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತರು, ಮತ್ತೆ ಏಳಲಿಲ್ಲ. ವಯಸ್ಸು ನಲವತ್ತಾರು. ಹೃದಯ ಎಂದರು ಡಾಕ್ಟರು. ಇದಕ್ಕಿಂತ ಹೆಚ್ಚು ನಾನು ಯಾರಿಗೂ ಹೇಳಿರಲಿಲ್ಲ. ಮನೆಗೆ ಬಂದವರು ಕೇಳಿದಾಗ ‘ಹೀಗಾಯಿತು’ ಎನ್ನುತ್ತಿದ್ದೆ. ಬೇರೆ ಪದ ಬಾಯಿಗೆ ಬರುತ್ತಿರಲಿಲ್ಲ.

ನೋಟ್‌ಬುಕ್ಕಿನ ವಿಷಯ ಹೇಳಬೇಕು. ನಾನು ಬರುವ ಮೊದಲು ನಾಗೇಶ್ ಕ್ಯಾನಿಂಗ್ಟನ್‌ನಲ್ಲಿ ಎಂಟು ಜನ ಬಾಡಿಗೆಗಿದ್ದ ಒಂದು ಮನೆಯಲ್ಲಿದ್ದರು. ಅಲ್ಲಿ ಇಮ್ತಿಯಾಜ್, ಶೈಲಾ ಎಂಬ ಇಬ್ಬರು ಅವರಿಗೆ ಸ್ನೇಹಿತರಾದರು. ಮೂವರೂ ಮೈಸೂರಿನ ಕಡೆಯವರು, ಮೂವರೂ ಓದುತ್ತಾ ಕೆಲಸ ಮಾಡುತ್ತಿದ್ದವರು. ಒಂದು ಚಳಿಗಾಲ ಹೀಟರ್ ಕೆಟ್ಟು, ಕಂಬಳಿ ಹೊದ್ದು ಕುಳಿತಿದ್ದಾಗ ಕಲ್ಪನೆಯಲ್ಲೇ ಒಂದು ಊರನ್ನು ಕಟ್ಟಿಕೊಂಡರು. ಎಂಟುನೂರು ವರ್ಷದ ಹಿಂದಿನ ಬ್ರಿಟನ್ನು. ಅದರ ಉತ್ತರದಲ್ಲಿ ಜೌಗುನೆಲ, ದೊಡ್ಡದೊಂದು ಕೆರೆ, ಕೆರೆಯ ದಡದಲ್ಲಿ ಹೆರನ್‌ಮಿಯರ್ ಎಂಬ ಹಳ್ಳಿ, ಹಳ್ಳಿಯಲ್ಲಿ ಹನ್ನೆರಡು ಒಲೆಗಳು, ಒಲೆಗೊಬ್ಬ ಮಾಂತ್ರಿಕ. ಕೋಟೆ ಕೆಡವುವ ಮಾಂತ್ರಿಕರಲ್ಲ. ಕಳೆದುಹೋದ ಹಸು ಹುಡುಕುವವರು, ಒಡೆದ ಮಡಕೆ ಕೂಡಿಸುವವರು, ನಾಳೆಯ ಮಳೆ ಹೇಳುವವರು. ಮೂವರಲ್ಲಿ ಯಾರೂ ಬ್ರಿಟನ್ ನೋಡಿರಲಿಲ್ಲ.

ಆಮೇಲೆ ಇಮ್ತಿಯಾಜ್ ಬ್ರಿಸ್ಬೇನ್‌ಗೆ ಹೋದರು, ಶೈಲಾ ಅಡಿಲೇಡ್‌ಗೆ. ಊರು ಉಳಿಯಿತು. ಒಂದೇ ನೋಟ್‌ಬುಕ್ ಅಂಚೆಯಲ್ಲಿ ಸುತ್ತತೊಡಗಿತು: ಪರ್ತ್‌ನಿಂದ ಬ್ರಿಸ್ಬೇನ್, ಅಲ್ಲಿಂದ ಅಡಿಲೇಡ್, ಮತ್ತೆ ಪರ್ತ್. ಒಬ್ಬೊಬ್ಬರೂ ಒಂದು ಸಲಕ್ಕೆ ಆ ಊರಿನ ಕಥೆಯನ್ನು ಏಳು ಪುಟ ಬರೆಯಬೇಕು, ಕನ್ನಡದಲ್ಲೇ, ಕೈಯಲ್ಲೇ. ಹತ್ತು ಪುಸ್ತಕ ತುಂಬಿ, ಹನ್ನೊಂದನೆಯದು ನಡೆಯುತ್ತಿತ್ತು. ನಾನು ಒಂದನ್ನೂ ಓದಿರಲಿಲ್ಲ. ‘ನಿಮ್ಮ ಮಂತ್ರವಾದಿಗಳಿಗೆ ನಮ್ಮ ಗ್ಯಾಸ್ ಸ್ಟವ್ ರಿಪೇರಿ ಮಾಡೋಕೆ ಬರುತ್ತೇನ್ರೀ?’ ಎಂದು ಕೆಣಕುತ್ತಿದ್ದೆ. ‘ಅದು ಹದಿಮೂರನೇ ಒಲೆಯವರ ಡಿಪಾರ್ಟ್‌ಮೆಂಟು’ ಎಂದು ನಗುತ್ತಿದ್ದರು.

ಮೊದಲ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಿಯಮಗಳಿವೆ ಎಂದು ಆಗಸ್ಟ್‌ನಲ್ಲಿ ಶೈಲಾ ಫೋನ್ ಮಾಡಿ ಹೇಳಿದಳು. ನಾಲ್ಕನೆಯ ನಿಯಮ ಓದಿದಳು: ‘ಒಬ್ಬ ಮಾಂತ್ರಿಕನಿಗೆ ಏನಾಯಿತೆಂದು ಅವನನ್ನು ಬರೆಯುವವರೇ ಬರೆಯಬೇಕು. ಅವರಿಂದ ಆಗದಿದ್ದರೆ ಅವರ ಒಲೆಯಲ್ಲಿ ಉಣ್ಣುವವರು ಬರೆಯಬೇಕು. ಬೇರೆ ಯಾರೂ ಮುಟ್ಟುವಂತಿಲ್ಲ.’ ನಾಗೇಶ್ ಬರೆಯುತ್ತಿದ್ದ ಮಾಂತ್ರಿಕನ ಹೆಸರು ಆಲ್ರಿಕ್. ನಾಗೇಶ್ ಒಲೆಯಲ್ಲಿ ಉಣ್ಣುವವಳು ನಾನೊಬ್ಬಳೇ. ಆಲ್ರಿಕ್ ಇರಬೇಕೋ ಹೋಗಬೇಕೋ ನಾನು ಹೇಳುವ ತನಕ ಆ ಊರಿನಲ್ಲಿ ಏನೂ ನಡೆಯುವಂತಿರಲಿಲ್ಲ.

‘ಬುಕ್ ಪೋಸ್ಟ್ ಮಾಡಿ ಅಕ್ಕ, ನಿಧಾನಕ್ಕೆ ಯೋಚನೆ ಮಾಡಿ’ ಎಂದಳು. ಪೋಸ್ಟ್ ಮಾಡಲು ಎರಡು ಸಲ ಅಂಚೆ ಕಚೇರಿಗೆ ಹೋಗಿ ವಾಪಸ್ ಬಂದೆ. ಅವರ ಅಕ್ಷರವನ್ನು ಒಂದು ಕಿಂಡಿಯೊಳಗೆ ತಳ್ಳಿ ಕೈಬಿಡಲು ಆಗಲಿಲ್ಲ. ಕೊನೆಗೆ ನಾನು ಅಡುಗೆ ಕೆಲಸ ಮಾಡುವ ವೃದ್ಧಾಶ್ರಮದಲ್ಲಿ ಒಂದು ವಾರ ರಜೆ ಕೇಳಿ, ನೋಟ್‌ಬುಕ್ ಹೋಗುವ ದಾರಿಯಲ್ಲಿ ನಾನೇ ಹೊರಟೆ.

ಪರ್ತ್‌ನಿಂದ ಬ್ರಿಸ್ಬೇನ್‌ಗೆ ನಾಲ್ಕೂವರೆ ಗಂಟೆ. ಕೆಳಗೆ ಬಹಳ ಹೊತ್ತು ಕೆಂಪುನೆಲ ಬಿಟ್ಟರೆ ಏನೂ ಇರಲಿಲ್ಲ. ಊಟಕ್ಕೆ ಒಂದು ಬನ್ನಿನೊಳಗೆ ಪಾಲಕ್ ಇಟ್ಟು ಕೊಟ್ಟರು. ತಿಂದು, ಕೈ ಒರೆಸಿಕೊಂಡು, ನಾಗೇಶ್ ಕೊನೆಯದಾಗಿ ಬರೆದ ಪುಟಗಳನ್ನು ಮೊದಲ ಸಲ ತೆರೆದೆ. ಏಳರಲ್ಲಿ ಐದೇ ಪುಟ ಆಗಿತ್ತು. ಕೆರೆ ಹೆಪ್ಪುಗಟ್ಟಿದೆ. ಹಳ್ಳಿಯಲ್ಲಿ ಉಪ್ಪು ಮುಗಿದಿದೆ. ಆಲ್ರಿಕ್ ಹಿಮದ ಮೇಲೆ ನಡೆದು ಆಚೆ ದಡಕ್ಕೆ ಹೋಗುತ್ತಾನೆ, ಉಪ್ಪಿನವನ ಹತ್ತಿರ ಅರ್ಧ ಪುಟ ಚೌಕಾಸಿ ಮಾಡುತ್ತಾನೆ. ಕೊನೆಯ ಸಾಲು: ‘ಉಪ್ಪಿನ ಚೀಲ ಹೆಗಲಿಗೆ ಹಾಕಿಕೊಂಡು ಆಲ್ರಿಕ್ ಹಿಂದಕ್ಕೆ ಹೊರಟ.’ ವಾಕ್ಯ ಮುಗಿದಿತ್ತು. ಪೂರ್ಣವಿರಾಮ ಇತ್ತು. ಅಪಶಕುನವೇನೂ ಕಾಣಲಿಲ್ಲ. ಮಾರನೆಯ ದಿನ ಮುಂದುವರಿಸುವವರು ನಿಲ್ಲಿಸುವಂತೆ ನಿಲ್ಲಿಸಿದ್ದರು.

ಬ್ರಿಸ್ಬೇನ್‌ನಲ್ಲಿ ಇಳಿದಾಗ ಅಲ್ಲಿನ ಗಡಿಯಾರ ನಮಗಿಂತ ಎರಡು ಗಂಟೆ ಮುಂದಿತ್ತು. ಸಂಜೆಯಾದರೂ ಸ್ವೆಟರ್ ಬೇಕಿರಲಿಲ್ಲ. ಏರ್‌ಪೋರ್ಟ್ ರೈಲಿನಲ್ಲಿ ಇಪ್ಪತ್ತು ನಿಮಿಷದೊಳಗೆ ಫೋರ್ಟಿಟ್ಯೂಡ್ ವ್ಯಾಲಿ ತಲುಪಿದೆ. ಆ ಊರಿನಲ್ಲಿ ಎಲ್ಲಿಂದ ಎಲ್ಲಿಗೆ ಹೋದರೂ ಐವತ್ತು ಸೆಂಟ್ ಟಿಕೆಟ್, ಈ ರೈಲಿಗೆ ಮಾತ್ರ ಆ ದರವಿಲ್ಲ. ಮೆಟ್ಟಿಲ ಬಳಿ ಇಮ್ತಿಯಾಜ್ ನಿಂತಿದ್ದರು, ಹಳದಿ ಅಂಗಿ, ಕೈಯಲ್ಲಿ ಟೂಲ್ ಬ್ಯಾಗು. ಅಲ್ಲಿನ ಕಚೇರಿಗಳ ಲಿಫ್ಟ್ ರಿಪೇರಿ ಅವರ ಕೆಲಸ.

‘ಅತ್ತಿಗೆ, ಊಟ ಆಯ್ತಾ? ಪ್ಲೇನಲ್ಲಿ ಕೊಟ್ಟಿದ್ದನ್ನ ಊಟ ಅನ್ಬೇಡಿ ಮತ್ತೆ.’

‘ಆಯ್ತು ಇಮ್ತಿಯಾಜ್. ಸೊಪ್ಪು ಕೊಟ್ಟರು.’

‘ಸೊಪ್ಪು ಹಸುಗೆ. ನಡೀರಿ, ನಸ್ರೀನ್ ಘೀ ರೈಸ್ ಮಾಡಿಟ್ಟಿದಾಳೆ.’

ಹೋಗುವ ಮುಂಚೆ ಎರಡು ಬೀದಿ ದಾಟಿಸಿ ಒಂದು ಮರದ ಬೆಂಚು ತೋರಿಸಿದರು. ಒಂದು ಕಡೆ ಕಾಫಿ ಅಂಗಡಿ, ಇನ್ನೊಂದು ಕಡೆ ಸಂಗೀತದ ಪೋಸ್ಟರ್ ಮೆತ್ತಿದ ಗೋಡೆ. ಹನ್ನೆರಡು ವರ್ಷ ಊಟದ ಬಿಡುವಿನಲ್ಲಿ ಇಲ್ಲೇ ಕುಳಿತು ತಮ್ಮ ಏಳು ಪುಟ ಬರೆದರಂತೆ. ನಾನು ನೋಟ್‌ಬುಕ್ ತೆಗೆದೆ. ಅವರು ಕೈ ಚಾಚಲಿಲ್ಲ. ಕಾಫಿ ಅಂಗಡಿಗೆ ಹೋಗಿ ಸೋಪು ಹಾಕಿ ಕೈ ತೊಳೆದುಕೊಂಡು ಬಂದರು. ಐದು ಪುಟ ಓದಿದರು. ಉಪ್ಪಿನವನ ಚೌಕಾಸಿ ಬಂದಾಗ ಜೋರಾಗಿ ನಕ್ಕರು, ಆಮೇಲೆ ಪುಸ್ತಕ ಮುಚ್ಚಿದರು.

‘ಆಲ್ರಿಕ್ ಏನು ಮಂತ್ರ ಮಾಡ್ತಿದ್ದ ಗೊತ್ತಾ ನಿಮಗೆ?’ ಎಂದರು. ನಾನು ಇಲ್ಲವೆಂದೆ.

‘ಬಾಗಿಲು ಮುಟ್ಟಿದ್ರೆ ಒಳಗಿರೋರು ಊಟ ಮಾಡಿದಾರೋ ಇಲ್ವೋ ಗೊತ್ತಾಗ್ತಿತ್ತು ಅವನಿಗೆ. ಅಷ್ಟೇ! ನನ್ನವನು ಗುಡುಗು ಕರೀತಾನೆ. ಶೈಲಾದು ಮಾಡ್ ಅಂತ ಒಬ್ಬ ಮುದುಕಿ, ಮೂಳೆ ಕೂಡಿಸ್ತಾಳೆ. ಇವನದು ಇದು. ‘ಲೋ, ಇದೂ ಒಂದು ವಿದ್ಯೇನಾ’ ಅಂದ್ರೆ, ‘ಬೇರೆದೆಲ್ಲ ಯಾಕೋ ಬೇಕು’ ಅನ್ನೋನು.’

ಅವರ ಮನೆ ಊರಿನ ದಕ್ಷಿಣಕ್ಕೆ, ರೈಲಿನಲ್ಲಿ ಅರ್ಧ ಗಂಟೆ. ಘೀ ರೈಸ್, ದಾಲ್ಚಾ, ಈರುಳ್ಳಿ ಮೊಸರು. ಅವರ ಹೆಂಡತಿ ನಸ್ರೀನ್ ಮೂರು ಸಲ ಬಡಿಸಿದಳು, ಏನೂ ಕೇಳಲಿಲ್ಲ. ಮಗಳು ಜೋಯಾಗೆ ಒಂಬತ್ತು ವರ್ಷ. ನಾವು ಕನ್ನಡದಲ್ಲಿ ಕೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. ‘ಶಿ ಕ್ಯಾನ್ ಹ್ಯಾವ್ ಮೈ ರೂಮ್’ ಎಂದು ತನ್ನ ಕೋಣೆ ಬಿಟ್ಟುಕೊಟ್ಟಳು.

ಶುಕ್ರವಾರ ಬೆಳಿಗ್ಗೆ ಜೋಯಾ ತನ್ನ ದೊಡ್ಡ ಸಾಧನೆಯನ್ನು ನನಗೆ ಹೇಳಿದಳು. ಕಳೆದ ವರ್ಷ ಅವಳು ಅಪ್ಪನ ಹೆಗಲ ಮೇಲಿಂದ ಬಗ್ಗಿ ನೋಡಿ, ಕಷ್ಟಪಟ್ಟು ಅಕ್ಷರ ಕೂಡಿಸಿ ಒಂದು ಸಾಲು ಓದಿದಳಂತೆ: ‘ಜುಲೈ. ವಿಪರೀತ ಹಿಮ.’

‘ಡ್ಯಾಡ್, ಇನ್ ಇಂಗ್ಲೆಂಡ್ ಜುಲೈ ಈಸ್ ಸಮ್ಮರ್!’

ಇಮ್ತಿಯಾಜ್ ಹಣೆ ಚಚ್ಚಿಕೊಂಡು ತೋರಿಸಿದರು. ‘ಹತ್ತು ಬುಕ್ಕು ಅತ್ತಿಗೆ! ಹತ್ತು ಬುಕ್ಕಲ್ಲೂ ಜುಲೈಗೆ ಹಿಮ, ಡಿಸೆಂಬರ್‌ಗೆ ಬೆವರು. ಇಲ್ಲಿ ಜುಲೈ ಚಳಿಗಾಲ ಅಲ್ವಾ, ಕಿಟಕಿಯಿಂದ ಏನು ಕಾಣುತ್ತೋ ಅದನ್ನೇ ಬರ್ಕೊಂಡು ಹೋಗಿದೀವಿ ಮೂರು ಜನಾನೂ. ಒಬ್ಬರಿಗಾದ್ರೂ ಹೊಳೀಬೇಕಲ್ವಾ?’

ತಿದ್ದೋಣ ಎಂದಳಂತೆ ಶೈಲಾ. ನಾಗೇಶ್ ಬೇಡವೆಂದರಂತೆ. ‘ನಮ್ಮ ಬ್ರಿಟನ್ ಹಿಂಗೇ ಇರಲಿ.’

ಶನಿವಾರ ಇಮ್ತಿಯಾಜ್ ನನ್ನನ್ನು ನದಿಯ ಫೆರ್ರಿಗೆ ಕರೆದುಕೊಂಡು ಹೋದರು. ಅದಕ್ಕೂ ಐವತ್ತೇ ಸೆಂಟ್. ನೀರು ಚಹಾದ ಬಣ್ಣ. ಗಾಳಿ ಬೆಚ್ಚಗಿತ್ತು. ಕೊನೆಯ ಸಾಲಿನಲ್ಲಿ ಕುಳಿತೆವು. ಅವರು ಎರಡು ದಿನದಿಂದ ಹೇಳದೆ ಇಟ್ಟುಕೊಂಡಿದ್ದನ್ನು ಅಲ್ಲಿ ಹೇಳಿದರು.

‘ನಾಗೇಶ ಹೋದ, ಸರಿ. ಆಲ್ರಿಕ್‌ಗೆ ಏನಾಗಿದೆ ಅತ್ತಿಗೆ? ಉಪ್ಪು ತರೋಕೆ ಹೋಗಿದಾನೆ. ಬರ್ತಾನೆ. ಅವನನ್ನ ಸಾಯಿಸ್ಬೇಡಿ. ನೀವೇ ಬರೀರಿ ಅವನನ್ನ. ಹೆಂಗೆ ಬರೆದ್ರೂ ನಾವು ಒಪ್ಕೋತೀವಿ.’

‘ನನಗೆ ಲೆಟರ್ ಬರೆಯೋಕೂ ಸರಿಯಾಗಿ ಬರಲ್ಲ.’

‘ಹಂಗಾದ್ರೆ ಹಂಗೇ ಬಿಡಿ. ಕೆರೆ ಮೇಲೆ ನಡೀತಾನೇ ಇರಲಿ. ಎಷ್ಟು ವರ್ಷ ಆದ್ರೂ ಇರಲಿ.’

ನನಗೂ ಬೇಕಿದ್ದದ್ದು ಅದೇ. ಹೆಗಲ ಮೇಲೆ ಚೀಲ, ಕಾಲಡಿ ಗಟ್ಟಿ ಹಿಮ, ಮನೆಯ ಕಡೆ ಮುಖ. ಹಾಗೇ ಇರಲಿ ಎಂದು ಒಪ್ಪಿದೆ. ಇಮ್ತಿಯಾಜ್ ಕಣ್ಣು ಒರೆಸಿಕೊಂಡು ‘ಗಾಳಿ’ ಎಂದರು.

ಭಾನುವಾರ ಮಧ್ಯಾಹ್ನ ಅಡಿಲೇಡ್. ಎರಡೂವರೆ ಗಂಟೆಯ ಹಾರಾಟ. ಗಡಿಯಾರ ಅರ್ಧ ಗಂಟೆ ಹಿಂದಕ್ಕೆ. ಈ ಅರ್ಧ ಗಂಟೆಯ ಲೆಕ್ಕ ನನಗೆ ಇವತ್ತಿಗೂ ವಿಚಿತ್ರವೇ. ಇಳಿಯುತ್ತಿದ್ದಂತೆ ಚಳಿಗಾಳಿ, ಸಣ್ಣ ಮಳೆ. ಕಾರಿನಲ್ಲಿ ಬಂದ ಶೈಲಾ ಆಸ್ಪತ್ರೆಯ ಸಮವಸ್ತ್ರದಲ್ಲೇ ಇದ್ದಳು. ನರ್ಸ್. ಒಬ್ಬಳೇ ಇದ್ದಾಳೆ. ನನ್ನನ್ನು ತಬ್ಬಿಕೊಂಡು, ತಕ್ಷಣ ಬಿಟ್ಟು, ‘ಎಷ್ಟು ಇಳಿದುಹೋಗಿದೀರಿ ಅಕ್ಕ, ತೂಕ ನೋಡ್ಕೊಂಡ್ರಾ?’ ಎಂದಳು.

ಅಡಿಲೇಡ್ ಚಿಕ್ಕ ಊರು. ಇಪ್ಪತ್ತು ನಿಮಿಷದಲ್ಲಿ ಮನೆ. ಬಿಸಿ ಬಿಸಿ ಮೆಣಸಿನ ಸಾರು ಕೊಟ್ಟಳು. ನಾನು ಉಣ್ಣುತ್ತಿರುವಾಗಲೇ ಇಮ್ತಿಯಾಜ್ ಹೇಳಿದ್ದನ್ನೂ ನಾನು ಒಪ್ಪಿದ್ದನ್ನೂ ಹೇಳಿದೆ. ಅವಳು ಸೌಟು ಕೆಳಗಿಟ್ಟಳು.

‘ಇಮ್ತಿಯಾಜ್‌ಗೆ ತಲೆ ಇಲ್ಲ. ನಮ್ಮೂರಲ್ಲಿ ಒಬ್ಬ ಮಾಂತ್ರಿಕ ಸತ್ರೆ ಅವನ ಒಲೆ ಹಂಚ್ಬೇಕು. ಆ ಒಲೆಯ ಕೆಂಡ ಒಂದೊಂದು ಮನೆಗೂ ಹೋಗ್ಬೇಕು. ಅಲ್ಲೀವರೆಗೂ ಯಾರ ಮನೇಲೂ ಒಲೆ ಹತ್ತಿಸೋ ಹಾಗಿಲ್ಲ. ಆ ಕಟ್ಟಳೆ ಮಾಡಿದ್ದು ಯಾರು? ನಾಗೇಶೇ. ಸತ್ತಿದಾರೆ ಅಕ್ಕ. ಬರೀಬೇಕು.’

ಹತ್ತು ವಾರದಲ್ಲಿ ನನ್ನೆದುರು ಆ ಪದ ಹೇಳಿದವಳು ಅವಳೊಬ್ಬಳೇ. ನನಗೆ ಸಿಟ್ಟು ಬಂತು. ‘ನಿನಗೆ ದಿನಾ ನೋಡಿ ನೋಡಿ ಅಭ್ಯಾಸ’ ಎಂದುಬಿಟ್ಟೆ. ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಮಲಗುವ ಮುಂಚೆ ಮಂಚದ ಕೆಳಗಿನಿಂದ ಒಂದು ಸೂಟ್‌ಕೇಸ್ ಎಳೆದು ನನ್ನ ಮುಂದಿಟ್ಟಳು. ಹತ್ತು ನೋಟ್‌ಬುಕ್. ‘ನಾಳೆ ನನಗೆ ಡ್ಯೂಟಿ. ಓದಿ. ಓದಿ ಆದ್ಮೇಲೆ ಬೈರಿ.’

ಸೋಮವಾರವೂ ಮಂಗಳವಾರವೂ ನಾನು ಅಡಿಲೇಡ್ ನೋಡಲಿಲ್ಲ. ಸಮುದ್ರಕ್ಕೆ ಟ್ರಾಮ್ ಹೋಗುತ್ತದಂತೆ, ಹೋಗಲಿಲ್ಲ. ಕಿಟಕಿಯ ಪಕ್ಕ ಕುಳಿತು ಓದಿದೆ. ಅನ್ನ ಮೊಸರು ತಿಂದು ಮತ್ತೆ ಓದಿದೆ. ನನ್ನ ಹೆಸರು ಎಲ್ಲಾದರೂ ಇರಬಹುದೆಂದು ಹುಡುಕಿದೆ, ಎಲ್ಲೂ ಇರಲಿಲ್ಲ. ಮೊದಲು ಬೇಜಾರಾಯಿತು.

ಮೂರನೆಯ ನೋಟ್‌ಬುಕ್ಕಿನಲ್ಲಿ ಹೆರನ್‌ಮಿಯರ್‌ನ ಮೇಲೆ ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು ಬಿತ್ತು. ಓದಿ ಮುಂದಕ್ಕೆ ಹೋದವಳು ಹಿಂದಕ್ಕೆ ಬಂದೆ. ಆ ಆಲಿಕಲ್ಲು ನಾನು ನೋಡಿದ್ದೆ. ಅದು ನಮ್ಮ ಕಾರಿನ ಗಾಜು ಒಡೆದಿತ್ತು. ಆಮೇಲೆ ಒಂದೊಂದೇ ಸಿಕ್ಕಿತು. ಜನವರಿಯಲ್ಲಿ ಹಳ್ಳಿಯ ಮಾಂತ್ರಿಕರು ಒದ್ದೆ ಬಟ್ಟೆ ಹೊದ್ದು ಮಲಗಿದ ವಾರ, ನಮ್ಮ ಫ್ಯಾನ್ ಕೆಟ್ಟು ನಾವಿಬ್ಬರೂ ಹಾಗೆ ಮಲಗಿದ ವಾರ. ಗುಡ್ಡದ ಬೆಂಕಿಯ ಬೂದಿ ಕೆರೆಯ ಮೇಲೆ ಬಿದ್ದ ದಿನ, ನಾನು ಒಣಹಾಕಿದ್ದ ಸೀರೆಯ ಮೇಲೂ ಬಿದ್ದಿತ್ತು. ಅವರು ಬ್ರಿಟನ್ನಿನ ಹವಾಮಾನವನ್ನು ಸರಿಯಾಗಿ ಬರೆದಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ. ತಪ್ಪಾಗಿದ್ದರಿಂದ ನಮ್ಮ ಹನ್ನೆರಡು ವರ್ಷ ದಿನದಿನದ ಬಿಸಿಲು ಮಳೆಯ ಸಮೇತ ಅಲ್ಲಿ ಕುಳಿತಿತ್ತು.

ಏಳನೆಯ ನೋಟ್‌ಬುಕ್, ಗಡಿಗಳೆಲ್ಲ ಮುಚ್ಚಿದ್ದ ವರ್ಷದ್ದು. ಆ ವರ್ಷ ಮೈಸೂರಿನಲ್ಲಿ ನನ್ನ ಮಾವನವರು ತೀರಿಕೊಂಡಿದ್ದರು. ನಾಗೇಶ್‌ಗೆ ಹೋಗಲಾಗಲಿಲ್ಲ. ಫೋನಿನಲ್ಲಿ ನೋಡಿದರು, ಸ್ನಾನ ಮಾಡಿದರು, ಮಾರನೆಯ ದಿನ ಕೆಲಸಕ್ಕೆ ಹೋದರು. ಅಳಲಿಲ್ಲ. ಅಪ್ಪ ಹೋದರೂ ಅಳದ ಮನುಷ್ಯ ಎಂದು ನಾನು ಒಳಗೊಳಗೇ ನೊಂದಿದ್ದೆ.

ಅವರ ಏಳು ಪುಟದಲ್ಲಿ ನಾಲ್ಕೇ ಸಾಲಿತ್ತು: ‘ಆಲ್ರಿಕ್‌ನ ತಂದೆ ದೂರದ ಊರಿನಲ್ಲಿ ತೀರಿಕೊಂಡ. ದಾರಿ ಮುಚ್ಚಿದೆ. ಆಲ್ರಿಕ್ ಬಾಗಿಲು ಹಾಕಿಕೊಂಡಿದ್ದಾನೆ. ಏನೂ ಕೇಳಬೇಡಿ.’ ಉಳಿದದ್ದು ಖಾಲಿ.

ಮುಂದಿನ ಏಳು ಪುಟ ಇಮ್ತಿಯಾಜ್ ಅವರದು. ಗುಡುಗಿಲ್ಲ, ಜಗಳವಿಲ್ಲ, ಕಥೆಯೇ ಇಲ್ಲ. ದಿನಕ್ಕೊಂದು ಪುಟ, ಪುಟಕ್ಕೆ ಎರಡು ಸಾಲು. ‘ಇವತ್ತು ಮೋಡ. ಆಲ್ರಿಕ್‌ನ ಬಾಗಿಲಲ್ಲಿ ರೊಟ್ಟಿ ಇಟ್ಟು ಬಂದೆವು.’ ‘ಇವತ್ತು ಗಾಳಿ ಕಡಿಮೆ. ಬಾಗಿಲಲ್ಲಿ ಗಂಜಿ ಇಟ್ಟು ಬಂದೆವು.’ ಆಮೇಲೆ ಶೈಲಾಳ ಏಳು ಪುಟ, ಅವೂ ಹಾಗೆಯೇ. ಅದಾದ ಮೇಲೆ ನಾಗೇಶ್ ಅಕ್ಷರ: ‘ಆಲ್ರಿಕ್ ಬಾಗಿಲು ತೆಗೆದ. ಪಾತ್ರೆಗಳೆಲ್ಲ ಖಾಲಿಯಾಗಿದ್ದವು.’

ನಾನು ಪುಸ್ತಕ ಮಡಿಲಲ್ಲಿಟ್ಟುಕೊಂಡು ಕುಳಿತೆ. ಆ ಊರಿನಲ್ಲಿ ತಂದೆಯನ್ನು ಉಳಿಸಿಕೊಳ್ಳಬಹುದಿತ್ತು ಅವರು. ಪೆನ್ನು ಅವರ ಕೈಯಲ್ಲೇ ಇತ್ತು. ಉಳಿಸಿಕೊಳ್ಳಲಿಲ್ಲ. ಮೊದಲ ಸಾಲಿನಲ್ಲೇ ತೀರಿಕೊಂಡ ಎಂದು ಬರೆದರು. ಬರೆದದ್ದರಿಂದಲೇ ಸಾವಿರಾರು ಮೈಲಿ ದೂರದಿಂದ ಇಬ್ಬರು ಬಂದು ಬಾಗಿಲಲ್ಲಿ ಅನ್ನ ಇಡಲು ಆಯಿತು. ಆಲ್ರಿಕ್‌ನನ್ನು ಹಿಮದ ಮೇಲೆ ನಡೆಸುತ್ತಲೇ ಇದ್ದರೆ, ಯಾರು ಯಾರ ಬಾಗಿಲಿಗೆ ಬರಬೇಕು?

ಶೈಲಾ ಕೆಲಸದಿಂದ ಬಂದಾಗ ಸಂಜೆ ನಾಲ್ಕು. ಪೆನ್ನು ಕೇಳಿದೆ. ಅವಳು ಜೇಬಿನಿಂದ ಆಸ್ಪತ್ರೆಯ ಪೆನ್ನು ತೆಗೆದುಕೊಟ್ಟು, ಒಲೆಯ ಕಡೆ ತಿರುಗಿ ನಿಂತಳು. ಹನ್ನೊಂದನೆಯ ನೋಟ್‌ಬುಕ್ಕಿನಲ್ಲಿ, ನಾಗೇಶ್ ಬಿಟ್ಟ ಆರನೆಯ ಪುಟದಲ್ಲಿ ಬರೆದೆ. ಒಂದು ಗಂಟೆ ಹಿಡಿಯಿತು. ಬರೆದದ್ದು ಇಷ್ಟು:

‘ಆ ಬೆಳಿಗ್ಗೆ ಚಳಿ ಇತ್ತು, ಬಿಸಿಲೂ ಇತ್ತು. ಆಲ್ರಿಕ್ ಎರಡು ದೋಸೆ ತಿಂದ. ಮೂರನೆಯದು ಬೇಡ ಎಂದ. ಅರ್ಧ ದಾರಿಯಲ್ಲಿ ಒಂದು ಕಲ್ಲಿನ ಮೇಲೆ ಕುಳಿತ. ನೋವಾಗಲಿಲ್ಲ ಎಂದು ನೋಡಿದವರು ಹೇಳಿದರು. ಅವನ ಹೆಂಡತಿ ನಂಬಿದ್ದಾಳೆ. ಆಲ್ರಿಕ್ ತೀರಿಕೊಂಡ. ಉಪ್ಪಿನ ಚೀಲ ಒದ್ದೆಯಾಗಿಲ್ಲ. ಯಾರಾದರೂ ಹೋಗಿ ತರಬೇಕು.’

ಫೋನಿನಲ್ಲಿ ವಿಡಿಯೋ ಕಾಲ್ ಮಾಡಿ ಇಮ್ತಿಯಾಜ್‌ರನ್ನು ಕರೆದೆವು. ಅವರು ವ್ಯಾಲಿಯ ಬೆಂಚಿನ ಮೇಲೆಯೇ ಇದ್ದರು. ಶೈಲಾ ಓದಲು ಹೊರಟಳು. ನಾನು ಬೇಡವೆಂದು ನಾನೇ ಓದಿದೆ. ‘ತೀರಿಕೊಂಡ’ ಎಂಬ ಪದ ಬಂದಾಗ ನಿಲ್ಲಲಿಲ್ಲ.

‘ಮೋಸ ಮಾಡಿದ್ರಿ ಅತ್ತಿಗೆ. ಫೆರ್ರಿಲಿ ಒಪ್ಪಿದ್ರಿ.’

‘ಒಪ್ಪಿದ್ದೆ ಇಮ್ತಿಯಾಜ್. ಆಗಲಿಲ್ಲ.’

‘ಮೂರನೇ ದೋಸೆ ಯಾಕೆ ಬೇಡ ಅಂದ ಆ ನನ್ಮಗ?’ ಎಂದರು. ಆಮೇಲೆ ಫೋನನ್ನು ಬೆಂಚಿನ ಮೇಲೆ ಇಟ್ಟುಬಿಟ್ಟರು. ನಮಗೆ ಆಕಾಶ ಮಾತ್ರ ಕಾಣುತ್ತಿತ್ತು, ಅಳು ಕೇಳುತ್ತಿತ್ತು. ಶೈಲಾ ನನ್ನ ಭುಜದ ಮೇಲೆ ಹಣೆ ಇಟ್ಟಳು. ದಿನಾ ನೋಡಿ ಅಭ್ಯಾಸವಾದವಳು ಮಗುವಿನಂತೆ ಅತ್ತಳು. ಜುಲೈನಿಂದ ನಾವು ಮೂವರೂ ಒಟ್ಟಿಗೆ ಅತ್ತದ್ದು ಅದೇ ಮೊದಲು.

ಒಲೆ ಹಂಚುವ ಕೆಲಸವನ್ನು ಅವರಿಬ್ಬರೂ ಬುಧವಾರ ಮುಗಿಸಿದರು. ಇಮ್ತಿಯಾಜ್ ಬ್ರಿಸ್ಬೇನ್‌ನಲ್ಲಿ ಕುಳಿತು ಹೇಳಿದರು, ಶೈಲಾ ಅವರ ಪಾಲಿನ ಪುಟಗಳಲ್ಲಿ ಬರೆದಳು. ಹನ್ನೊಂದು ಮನೆಗೂ ಕೆಂಡ ಹೋಯಿತು. ಉಪ್ಪು ತರಲು ಮುದುಕಿ ಮಾಡ್ ಹೊರಟಳು. ‘ಅವಳ ಮಂಡಿಗೆ ಹಿಮದ ಮೇಲೆ ನಡೆಯೋಕಾಗುತ್ತಾ?’ ಎಂದು ಇಮ್ತಿಯಾಜ್ ಕೇಳಿದರು. ‘ಮೂಳೆ ಕೂಡಿಸೋಳು ಅವಳು, ಗುಡುಗೋರೆಲ್ಲ ಮನೇಲಿ ಕೂತಿರಿ’ ಎಂದಳು ಶೈಲಾ.

ಗುರುವಾರ ಮಧ್ಯಾಹ್ನ ಶೈಲಾ ನನ್ನನ್ನು ಏರ್‌ಪೋರ್ಟ್‌ಗೆ ಬಿಟ್ಟಳು. ಮಳೆ ನಿಂತು ಪೂರ್ವದ ಗುಡ್ಡಗಳು ಹತ್ತಿರ ಬಂದಂತೆ ಕಾಣುತ್ತಿದ್ದವು. ಒಂದು ಡಬ್ಬಿ ಚಿತ್ರಾನ್ನ ಕೊಟ್ಟಳು. ನನ್ನ ಕೈಚೀಲ ಹಗುರಾಗಿತ್ತು. ನೋಟ್‌ಬುಕ್ ಅವಳ ಮೇಜಿನ ಮೇಲಿತ್ತು. ಅವಳ ಏಳು ಪುಟ ಇನ್ನೂ ಬಾಕಿ.

‘ಅಕ್ಕ, ನನ್ನದಾದ್ಮೇಲೆ ಬುಕ್ಕು ಪರ್ತ್‌ಗೆ ಹೋಗ್ಬೇಕು. ಸುತ್ತು ಅದೇ’ ಎಂದಳು. ನನ್ನ ಮುಖ ನೋಡಲಿಲ್ಲ, ಸೀಟ್‌ಬೆಲ್ಟ್ ನೋಡುತ್ತಿದ್ದಳು. ‘ನೀವು ಬರೀಲೇಬೇಕು ಅಂತಿಲ್ಲ. ಏಳು ಪುಟ ಖಾಲಿ ಬಿಟ್ಟು ಇಮ್ತಿಯಾಜ್‌ಗೆ ಕಳಿಸಿದ್ರೂ ಆಯ್ತು. ಹಳೇ ಅಡ್ರೆಸ್ಸೇ ತಾನೆ? ನೀವು ಕೆಲಸಕ್ಕೆ ಹೋಗಿದ್ರೆ ಬಾಗಿಲಲ್ಲೇ ಇಟ್ಟು ಹೋಗಿ ಅಂತ ಬರೆದಿರ್ತೀನಿ.’

‘ಬೇಡ’ ಎಂದೆ. ‘ಸಹಿ ಹಾಕಿಸ್ಕೊಂಡು ಕೊಡೋ ತರ ಕಳಿಸು. ಅವತ್ತು ನಾನು ಮನೇಲಿರ್ತೀನಿ.’